ಕಲಬುರಗಿಯಿಂದ ಕಾಠ್ಮಂಡುವಿಗೆ: ಒಂದು ‘ಸೇವಾ ಪ್ರವಾಸ’ದ ವಿಮರ್ಶೆ

ಕಲಬುರಗಿಯ ಒಂದು ಪ್ರವಾಸ ಸಂಸ್ಥೆಯವರು ‘ಸೇವಾ ಪ್ರವಾಸ’ ಎಂಬ ಹೆಸರಿನಲ್ಲಿ ನಡೆಸುವ ಆರು ದಿನಗಳ ನೇಪಾಳ ಪ್ರವಾಸಕ್ಕೆ, ನಮ್ಮಲ್ಲಿ ಬಿಸಿಲು ಬೆಂಕಿಯಾಗಿದ್ದ ಕಳೆದ ಮೇ ತಿಂಗಳಲ್ಲಿ, ನಾವು ಒಂಬತ್ತು ಮಂದಿ ಹೋಗಿ ಬಂದೆವು. ನೇಪಾಳಕ್ಕೆ ವೀಸಾ ಬೇಕಿಲ್ಲವಾದರೂ ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು, ಹದಿನೈದರಿಂದ ಅರವತ್ತೈದು ವರ್ಷದವರಿಗೆ ಆಧಾರ್ ಕಾರ್ಡ್ ನಡೆಯುವುದಿಲ್ಲ. ಇದನ್ನು ಸಂಸ್ಥೆಯವರು ಎರಡೆರಡು ಸಲ ಫೋನ್ ಮಾಡಿ ತಿಳಿಸಿರದಿದ್ದರೆ ನಮ್ಮ ತಂಡದ ಹಿರಿಯರೊಬ್ಬರು ಹೈದರಾಬಾದಿನಿಂದಲೇ ಮರಳಬೇಕಾಗುತ್ತಿತ್ತು. ಊಟ, ವಸತಿಗಳ ಬಗ್ಗೆ ದೂರಿಲ್ಲ.

ಕಿವುಡ ಮಕ್ಕಳ ಶಾಲೆಯಲ್ಲಿ ಕಳೆದ ಒಂದು ದಿನಕ್ಕಾಗಿಯೇ ಈ ಪ್ರವಾಸವನ್ನು ಮೆಚ್ಚಬೇಕು. ಶಾಲೆಯವರ ಒಪ್ಪಿಗೆ ಮೊದಲೇ ಪಡೆಯಲಾಗಿತ್ತು, ಸನ್ನೆ ಭಾಷೆ ಬಲ್ಲ ದುಭಾಷಿಯೊಬ್ಬರು ಜೊತೆಗಿದ್ದರು, ಫೋಟೊ ತೆಗೆಯಲು ಅವಕಾಶವಿರಲಿಲ್ಲ. ವೃತ್ತಿಯಿಂದ ನಾನೂ ಕಿವುಡ ಮಕ್ಕಳ ಶಿಕ್ಷಕಿ. ಆದರೂ ಅಲ್ಲಿ ಅಕ್ಷರಾಭ್ಯಾಸ ಮಾಡಿಸಿಕೊಂಡವಳು ನಾನೇ. ನಾವು ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡೂ ಕೈ ಕೂಡಿಸಿ ತೋರಿಸುತ್ತೇವೆ. ನೇಪಾಳಿ ಸನ್ನೆ ಭಾಷೆಯಲ್ಲಿ ದೇವನಾಗರಿ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ. ನಾನು ರೂಢಿಯಂತೆ ಹೆಸರು ತೋರಿಸಲು ಹೊರಟಾಗ ಸುಮಾರು ಹತ್ತು ವರ್ಷದ ಹುಡುಗಿಯೊಬ್ಬಳು ನಕ್ಕು, ನನ್ನ ಎಡಗೈಯನ್ನು ಹಿಡಿದು ನನ್ನ ಮಡಿಲಲ್ಲೇ ಇರಿಸಿ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ, ಹೆಸರು ಪೂರ್ತಿಯಾಗುವವರೆಗೆ ಬಿಡಲಿಲ್ಲ.

ಮರುದಿನದ ಅನಾಥಾಲಯದ ಭೇಟಿಯನ್ನು ಮಾತ್ರ ಒಪ್ಪಲಾರೆ. ನಾವು ಒಳಗೆ ಕಾಲಿಟ್ಟೊಡನೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕುಣಿಸಿದರು. ನಂತರ ಅವರ ಎದುರಿಗೇ ದೇಣಿಗೆಯ ರಸೀದಿ ಪುಸ್ತಕ ಬಂತು. ಯಾರೆಂದು ಕೇಳದೆಯೇ ನಮ್ಮನ್ನು ಮಕ್ಕಳ ಮಲಗುವ ಕೋಣೆಯವರೆಗೂ ಬಿಟ್ಟರು, ಅದು ನನಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಂಡಿತು. ತಂದೆತಾಯಿ ಇರುವ ಹಳ್ಳಿಯ ಮಕ್ಕಳನ್ನೇ ಓದಿಸುವ ಆಸೆ ತೋರಿಸಿ ಕರೆತಂದು ಅನಾಥಾಲಯಗಳಿಗೆ ಸೇರಿಸಿದ ಪ್ರಕರಣಗಳು ನೇಪಾಳದಲ್ಲಿ ಬೆಳಕಿಗೆ ಬಂದಿವೆ. ಅನಾಥಾಲಯಗಳಲ್ಲಿ ಪ್ರವಾಸಿಗರು ಮಾಡುವ ಸ್ವಯಂಸೇವೆಯಿಂದ ಮಕ್ಕಳಿಗಾಗುವ ಹಾನಿಯನ್ನು ತಡೆಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯೇ 2019ರ ನಿರ್ಣಯದಲ್ಲಿ ಹೇಳಿದೆ. ಆ ಮನೆಯ ಮಕ್ಕಳ ಪೂರ್ವಾಪರವನ್ನು ನಾನು ಕೇಳಿದಾಗ ನಮ್ಮ ಮಾರ್ಗದರ್ಶಕರು ‘ಅದೆಲ್ಲ ಯಾಕ್ರೀ ಮೇಡಂ’ ಎಂದು ಬಸ್ಸಿನ ಕಡೆಗೆ ಕೈ ತೋರಿಸಿದರು.

ಊರಿಗೆ ಮರಳಿದ ಮೇಲೆ ಇದನ್ನೆಲ್ಲ ಸಂಸ್ಥೆಗೆ ಬರೆದು ಕೊಟ್ಟಿದ್ದೇನೆ. ಮುಂದಿನ ತಂಡದ ವೇಳಾಪಟ್ಟಿಯಲ್ಲಿಯೂ ಅನಾಥಾಲಯದ ಭೇಟಿ ಹಾಗೆಯೇ ಇದೆ. ಅದನ್ನು ಕೈಬಿಟ್ಟು ಆ ದಿನವನ್ನೂ ಶಾಲೆಗೇ ಕೊಟ್ಟರೆ, ಇದೇ ದರಕ್ಕೆ ಇನ್ನೊಮ್ಮೆ ಹೋಗಲು ನಾನು ಸಿದ್ಧ.