ವಿವಿ ಸಾಗರದ ಹಿನ್ನೀರಿಗೆ ಕಾರು ಇಳಿಸಬೇಡಿ

ಬೇಸಿಗೆ ರಜೆ, ಬೆಂಗಳೂರಿಂದ ದಾವಣಗೆರೆಗೆ ವಾಪಸ್ ಬರ್ತಾ ಇದ್ವಿ. ಮಗಳಿಗೆ ಪ್ರಾಣಿ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಹಿಂದಿನ ರಾತ್ರಿ ಫೋನಲ್ಲಿ ಒಂದು ವಿಡಿಯೋ ಬಂದಿತ್ತು: ವಾಣಿವಿಲಾಸ ಸಾಗರದ ಹಿನ್ನೀರಲ್ಲಿ 'ಲೇಕ್ ಸಫಾರಿ ಪಾರ್ಕ್', ಕಾರಲ್ಲೇ ಒಳಗೆ ಹೋಗಬಹುದು. ಅದರಲ್ಲಿದ್ದ ನಂಬರ್‌ಗೆ ಫೋನ್ ಮಾಡಿದೆ. ನಾಲ್ಕು ಜನಕ್ಕೆ 1200 ರೂಪಾಯಿ, ಈಗಲೇ ಹಾಕದಿದ್ರೆ ಸ್ಲಾಟ್ ಹೋಗುತ್ತೆ ಅಂದ. ಹಾಕಿಬಿಟ್ಟೆ.

ಆ ವಿಡಿಯೋದಲ್ಲಿ ನೀರಿನ ಅಂಚಲ್ಲಿ ಝೀಬ್ರಾ ನಿಂತಿತ್ತು. ಹಿರಿಯೂರು ತಾಲ್ಲೂಕಲ್ಲಿ ಝೀಬ್ರಾ! ಆರನೇ ಕ್ಲಾಸಿನ ಮಗಳೇ ಕೇಳಿದಳು, "ಅಪ್ಪಾ, ಇದು ಆಫ್ರಿಕಾದಲ್ಲಿ ಇರೋದಲ್ವಾ?" ತರಿಸಿರ್ತಾರೆ ಬಿಡು ಅಂದೆ.

ಹಿರಿಯೂರಲ್ಲಿ ಹೈವೇ ಬಿಟ್ಟು ಎಡಕ್ಕೆ ತಿರುಗಿದ್ವಿ. ಕಣಿವೆ ಮಾರಮ್ಮನಿಗೆ ಕೈ ಮುಗಿದು, ಡ್ಯಾಂ ನೋಡಿ, ಅವನು ಕಳಿಸಿದ ಲೊಕೇಶನ್ ಹಿಡಿದು ಹೊರಟರೆ ತೆಂಗಿನ ತೋಟ ದಾಟಿದ ಮೇಲೆ ಟಾರು ರಸ್ತೆನೇ ಮುಗೀತು. ಬೈಕ್ ಮೇಲೆ ಕೂತಿದ್ದ ಒಬ್ಬ 'ಪಾರ್ಕಿಂಗ್' ಅಂತ ಇನ್ನೂ 200 ಕಿತ್ತುಕೊಂಡು, ನೀರಿನ ಕಡೆ ಹೋಗಿದ್ದ ಗಾಲಿ ಗುರುತು ತೋರಿಸಿದ. "ಸೀದಾ ಹೋಗಿ ಸಾರ್, ಗೇಟ್ ಸಿಗುತ್ತೆ."

ಗೇಟೂ ಇಲ್ಲ, ಜಿಂಕೆನೂ ಇಲ್ಲ. ನೂರು ಮೀಟರ್ ಹೋಗಿರಬೇಕು, ಮುಂದಿನ ಎರಡೂ ಗಾಲಿ ಕುಸಿದವು. ಮೇಲೆ ಹಪ್ಪಳದ ಹಾಗೆ ಬಿರುಕು ಬಿಟ್ಟ ಪದರ, ಕೆಳಗೆ ರಾಗಿ ಅಂಬಲಿ. ಆಕ್ಸಿಲರೇಟರ್ ಒತ್ತಿದಷ್ಟೂ ಇಳೀತು; ಕೊನೆಗೆ ಕಾರಿನ ಹೊಟ್ಟೆ ಕೆಸರಿಗೆ ತಾಗಿ ಕೂತುಬಿಡ್ತು. ಇಳಿದ ಹೆಂಡತಿಯ ಒಂದು ಚಪ್ಪಲಿ ಒಳಗೇ ಹೋಯ್ತು, ಇನ್ನೂ ಅಲ್ಲೇ ಇದೆ.

ನಾನು ಮೋಸ ಹೋಗಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಚಿಕ್ಕವನಿದ್ದಾಗ ನಮ್ಮ ಮಾವನ ಜೊತೆ ಇದೇ ಕೆರೆ ಅಂಗಳದಲ್ಲಿ ಲೂನಾ ಓಡಿಸಿದ್ದೆ. ಆಗ ನೆಲ ಕಲ್ಲಿನ ಹಾಗಿತ್ತು. ಆದರೆ ಅದು ವರ್ಷಗಟ್ಟಲೆ ನೀರು ಕಾಣದ ನೆಲ. 1933ರಲ್ಲಿ ಕೋಡಿ ಬಿದ್ದ ಡ್ಯಾಂ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷ ಆದ ಮೇಲೆ. ಈಗ 130 ಅಡಿವರೆಗೂ ನಿಂತ ನೀರು ಇಳಿದಾಗ ಉಳಿಯೋದು ಹೂಳು. ಮೇಲೆ ಬಿಸಿಲಿಗೆ ಒಣಗಿರುತ್ತೆ, ಒಳಗೆ ಒಣಗಿರಲ್ಲ. ದನ ದಾಟಿದ ಹೆಜ್ಜೆ ಇದೆ ಅಂತ ಕಾರು ಬಿಡೋಕಾಗಲ್ಲ.

ತೋಟದವರೊಬ್ಬರು ಟ್ರ್ಯಾಕ್ಟರ್ ತಂದರು. ಹಗ್ಗ ಒಂದ್ಸಲ ಕಿತ್ತು, ಎರಡನೇ ಸಲ ಸರಪಳಿ ಹಾಕಿ ಎಳೆಯೋ ಹೊತ್ತಿಗೆ ಕತ್ತಲು. "ಈ ವಾರ ನಿಮ್ದು ಮೂರನೇದು" ಅಂದರು. 2000 ಕೊಟ್ಟೆ, ಕೊಡಬೇಕಾದ ದುಡ್ಡೇ ಅದು. ಬಂಪರ್ ಬೇರೆ ಲೆಕ್ಕ.

ಸಫಾರಿಯವನ ಫೋನ್ ಸ್ವಿಚ್ ಆಫ್. ಮಾರನೇ ದಿನ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದೀನಿ. ನಿಮಗೂ ಹೀಗಾದರೆ ನನ್ನ ಹಾಗೆ ಒಂದು ರಾತ್ರಿ ಕಾಯಬೇಡಿ, ಆಗಲೇ ಮಾಡಿ.

ಮಕ್ಕಳಿಗೆ ಪ್ರಾಣಿ ತೋರಿಸಬೇಕು ಅಂದ್ರೆ ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆ ಆಡುಮಲ್ಲೇಶ್ವರ ಇದೆ, ದಾವಣಗೆರೆ ಹತ್ತಿರ ಹೈವೇಗೆ ಸಮೀಪದಲ್ಲೇ ಆನಗೋಡು ಇದೆ. ಎರಡೂ ಸರ್ಕಾರಿ ಕಿರು ಮೃಗಾಲಯ. ವಿವಿ ಸಾಗರಕ್ಕೆ ಡ್ಯಾಂ ನೋಡೋಕೆ ಹೋಗಿ, ಟಾರು ಮುಗಿದಲ್ಲಿ ಕಾರು ನಿಲ್ಲಿಸಿ.

ನಿನ್ನೆ ನೋಡಿದೆ, ಆ ವಿಡಿಯೋ ಈಗ ಹೊಸ ನಂಬರ್ ಹಾಕ್ಕೊಂಡು ಓಡ್ತಾ ಇದೆ. ಝೀಬ್ರಾ ಅದೇ.