ಸೈಡ್‌ಆರ್ಮ್: ಹಾಸನದ ನೆಟ್ಸ್‌ಗೆ ವೇಗ ತರುವ ಕೋಲು

ವೇಗಿ ಶ್ರೀನಾಥ್ ಹೆಸರಿನಲ್ಲಿರುವ ಜಾವಗಲ್ ಇರುವುದು ಹಾಸನ ಜಿಲ್ಲೆಯಲ್ಲಿ, ಇನ್ನೊಬ್ಬ ವೇಗಿ ಡೇವಿಡ್ ಜಾನ್ಸನ್ ಹುಟ್ಟಿದ್ದು ಇದೇ ಜಿಲ್ಲೆಯ ಅರಸೀಕೆರೆಯಲ್ಲಿ. ಹಾಗಂತ ಸಂಜೆ ನೆಟ್ಸ್‌ಗೆ, ಅಂದರೆ ಬಲೆಯೊಳಗಿನ ಅಭ್ಯಾಸಕ್ಕೆ, ಬರುವ ಹುಡುಗರಿಗೆ ದಿನಾ ಗಂಟೆಗೆ 140 ಕಿ.ಮೀ. ವೇಗದ ಬೌಲರ್ ಎಲ್ಲಿ ಸಿಗಬೇಕು? ಆ ಕೊರತೆ ತುಂಬಲು ಸೈಡ್‌ಆರ್ಮ್‌ನಷ್ಟು ಅಗ್ಗದ, ಉಪಯುಕ್ತ ಸಾಮಾನು ಬೇರೊಂದಿಲ್ಲ. ಉದ್ದನೆಯ ಪ್ಲಾಸ್ಟಿಕ್ ಹಿಡಿ, ತುದಿಯಲ್ಲಿ ಚೆಂಡು ಕೂರುವ ಬಟ್ಟಲು, ಇಷ್ಟೇ; ಬೀಸಿದರೆ ಚೆಂಡು ವೇಗವಾಗಿ ಹೋಗುತ್ತದೆ. ಭಾರತ ತಂಡ ವೇಗದ ಬೌಲಿಂಗ್ ಆಡುವುದರಲ್ಲಿ ಸುಧಾರಿಸಿದ್ದಕ್ಕೆ ತಂಡದ ನೆಟ್ಸ್‌ನಲ್ಲಿ ಇದೇ ಕೋಲು ಬೀಸುವ ಕುಮಟಾದ ರಾಘವೇಂದ್ರ ಕಾರಣ ಎಂದು ವಿರಾಟ್ ಕೊಹ್ಲಿಯೇ ಹೇಳಿದ್ದಾರೆ.

140 ಕಿ.ಮೀ. ಎಸೆಯಲೇಬೇಕೆಂದಿಲ್ಲ. ಕ್ರೀಸ್‌ನಿಂದ ಕ್ರೀಸ್‌ಗೆ 17.68 ಮೀಟರ್, ಆ ವೇಗದ ಚೆಂಡು ಅಷ್ಟು ದೂರ ಬರಲು ಹೆಚ್ಚುಕಡಿಮೆ 0.45 ಸೆಕೆಂಡು. 14 ಮೀಟರ್ ದೂರದಲ್ಲಿ ನಿಂತು 110ರಲ್ಲಿ ಎಸೆದರೂ ಬ್ಯಾಟ್ಸ್‌ಮನ್‌ಗೆ ಸಿಗುವುದು ಅಷ್ಟೇ ಸಮಯ. ಆದರೆ ಹತ್ತಿರದಿಂದ ಬಂದ ಚೆಂಡು ಹೆಚ್ಚು ಇಳಿಜಾರಾಗಿ ಬಿದ್ದು ಎದ್ದುಬಿಡುತ್ತದೆ, ಮ್ಯಾಟ್ ಮೇಲೆ ಇನ್ನೂ ಹೆಚ್ಚು. ಆದ್ದರಿಂದ ಚೆಂಡನ್ನು ಬ್ಯಾಟ್ಸ್‌ಮನ್ ಕಡೆಗೆ ಒಂದು ಹೆಜ್ಜೆ ಮುಂದಕ್ಕೆ ಪಿಚ್ ಮಾಡಿ.

ಎಡವಟ್ಟಾಗುವುದೆಲ್ಲ ಬಟ್ಟಲಲ್ಲಿ. ಸವೆದು ಸಡಿಲವಾದರೆ ಚೆಂಡು ಬೇಗ ಜಾರಿ ನೇರ ತಲೆಗೆ ಬರುತ್ತದೆ. ಬಿಗಿಯಿದ್ದರೆ ತಡವಾಗಿ ಬಿಟ್ಟು ಎಸೆಯುವವರ ಕಾಲ ಬುಡದಲ್ಲೇ ಬೀಳುತ್ತದೆ. ಚಿಕ್ಕ ಹುಡುಗರ ಜೂನಿಯರ್ ಚೆಂಡು ದೊಡ್ಡವರ ಬಟ್ಟಲಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನೆನೆದ ಚರ್ಮದ ಚೆಂಡು ಉಬ್ಬಿ ಸಿಕ್ಕಿಕೊಳ್ಳುತ್ತದೆ, ಅಂಥ ದಿನ ಸಿಂಥೆಟಿಕ್ ಚೆಂಡೇ ವಾಸಿ. ಹೊಸದಾಗಿ ಬೀಸುವವರು ಮೊದಲ ವಾರ ಖಾಲಿ ಸ್ಟಂಪಿಗೆ ಎಸೆದು ಕೈ ಪಳಗಿಸಿಕೊಳ್ಳಬೇಕು. ಬ್ಯಾಟ್ಸ್‌ಮನ್‌ಗೆ ಹೆಲ್ಮೆಟ್, ಎಸೆಯುವವರ ಮುಂದೆ ಬಲೆ, ಎರಡೂ ಕಡ್ಡಾಯ.

ಬೌಲಿಂಗ್ ಯಂತ್ರಕ್ಕಿಂತ ಇದು ಮೇಲು, ಯಾಕೆಂದರೆ ತೋಳು ಬರುವುದಾದರೂ ಕಾಣುತ್ತದೆ. ಆದರೆ ಮಣಿಕಟ್ಟು, ಬೆರಳು, ಓಟದ ಲಯ ಕಾಣುವುದಿಲ್ಲ. ಹಾಗಾಗಿ ಸೈಡ್‌ಆರ್ಮ್ ಚೆನ್ನಾಗಿ ಆಡುವ ಹುಡುಗನನ್ನು 'ವೇಗಕ್ಕೆ ಹೆದರದವನು' ಎಂದು ಮುದ್ರೆ ಒತ್ತಬೇಡಿ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಆಡಿದ್ದನ್ನು ನೆನೆಯಿರಿ: ವೆಸ್ಟ್ ಇಂಡೀಸ್ ವೇಗಿ ಆಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತರು, ಭಾರತ 190ಕ್ಕೆ ಆಲೌಟ್, ವಿಶಿ ಅಜೇಯ 97. ಶತಕವಲ್ಲದ ಆ ಇನಿಂಗ್ಸ್ ಎಷ್ಟೋ ಶತಕಗಳಿಗಿಂತ ತೂಕದ್ದು. ವೆಸ್ಟ್ ಇಂಡೀಸ್ ವಿರುದ್ಧ ಗವಾಸ್ಕರ್ ಹೊಡೆದ 13 ಶತಕಗಳನ್ನೂ ಒಂದೇ ತಕ್ಕಡಿಗೆ ಹಾಕಲಾಗದು. 1971ರ ನಾಲ್ಕು ಶತಕಗಳ ಎದುರು ವೇಗಿಗಳಾದ ಮಾರ್ಷಲ್, ಹೋಲ್ಡಿಂಗ್ ಇರಲಿಲ್ಲ, 1983ರ ದೆಹಲಿಯ 121ರ ಎದುರು ಇಬ್ಬರೂ ಇದ್ದರು. ಎಷ್ಟು ರನ್ ಅನ್ನುವುದಕ್ಕಿಂತ ಮೊದಲು ಯಾರ ಚೆಂಡು ಎಂದು ಕೇಳಬೇಕು.

ನೆಟ್ಸ್‌ನಲ್ಲೂ ಅದೇ ಲೆಕ್ಕ ಇಡಿ. 24 ಎಸೆತ ಹಾಕಿ, ಹೊಡೆತ ಬಿಟ್ಟು ಮೂರನ್ನು ಬರೆದುಕೊಳ್ಳಿ: ಅಂಚಿಗೆ ತಾಗಿದ್ದು, ಆಡಲು ಹೋಗಿ ತಪ್ಪಿದ್ದು, ಸ್ಟಂಪಿನಾಚೆಯದನ್ನು ತಿಳಿದು ಬಿಟ್ಟಿದ್ದು. ಲೆಂಗ್ತ್, ಅಂದರೆ ಚೆಂಡು ಬೀಳುವ ಜಾಗ, ಹೇಳದೆ ಬದಲಿಸಿ. ಓವರಿನ ಆರೂ ಚೆಂಡು ಒಂದೇ ಕಡೆ ಬಿದ್ದರೆ ಅದು ಬರೀ ಕೈ ರೂಢಿ.

ಕೊಳ್ಳುವಾಗ ನೀವು ಬಳಸುವ ಚೆಂಡನ್ನೇ ಅಂಗಡಿಗೆ ಒಯ್ಯಿರಿ. ಬಟ್ಟಲಲ್ಲಿಟ್ಟು ತಲೆಕೆಳಗು ಮಾಡಿದರೆ ಬೀಳಬಾರದು, ಸಣ್ಣಗೆ ಝಾಡಿಸಿದರೆ ಹೊರಬರಬೇಕು.