ಸೋಲ್‌ನಲ್ಲಿ ಅರ್ಧ ದಿನದ ನಡಿಗೆ: ಬುಕ್‌ಚೋನ್ ಅಥವಾ ಸೊಚೋನ್?

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ, ಗ್ಯೋಂಗ್‌ಬೊಕ್‌ಗುಂಗ್ ಅರಮನೆಯ ಪೂರ್ವಕ್ಕೆ ಬುಕ್‌ಚೋನ್, ಪಶ್ಚಿಮಕ್ಕೆ ಸೊಚೋನ್ ಎಂಬ ಹಳೆಯ ಬಡಾವಣೆಗಳಿವೆ. ಅರ್ಧ ದಿನವಷ್ಟೇ ಕೈಯಲ್ಲಿದ್ದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದೇ ಲೇಸು.

ಜೋಸನ್ ರಾಜವಂಶದ ಕಾಲದಲ್ಲಿ (1392–1910) ಉನ್ನತಾಧಿಕಾರಿಗಳು ನೆಲೆಸಿದ್ದ ಬುಕ್‌ಚೋನ್‌ನಲ್ಲಿ ಏರುಹಾದಿಯ ಇಕ್ಕೆಲಗಳಲ್ಲೂ ಹಂಚಿನ ಸೂರಿನ ಹನೋಕ್ (ಸಾಂಪ್ರದಾಯಿಕ ಕೊರಿಯನ್) ಮನೆಗಳು ಒತ್ತೊತ್ತಾಗಿ ನಿಂತಿವೆ. ಫೋಟೋಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಜನಸಂದಣಿಯೂ ಅಷ್ಟೇ. ನಿವಾಸಿಗಳ ನೆಮ್ಮದಿಗಾಗಿ ಮುಖ್ಯ ಓಣಿಯಲ್ಲಿ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಪ್ರವಾಸಿಗರಿಗೆ ಪ್ರವೇಶ ನಿಷಿದ್ಧವಾಗಿದ್ದು, ಮೀರಿದವರಿಗೆ 2025ರಿಂದ 1 ಲಕ್ಷ ವೋನ್ ದಂಡವಿದೆ (ಊರವರ ಬಾಗಿಲಲ್ಲಿ ನಿಂತು ಗದ್ದಲ ಮಾಡುವವರಿಗೆ ಇದು ತಕ್ಕ ಶಾಸ್ತಿಯೇ). ಅಲ್ಲಿಂದ ಮುಂದೆ ನಡೆದರೆ 1905ರಲ್ಲಿ ಆರಂಭವಾದ ಗ್ವಾಂಗ್‌ಜಾಂಗ್ ಮಾರುಕಟ್ಟೆ ಸಿಗುತ್ತದೆ. ನೆನೆಸಿದ ಹೆಸರುಬೇಳೆಯನ್ನು ರುಬ್ಬಿ, ದಪ್ಪನಾಗಿ ಹುಯ್ದು, ಎಣ್ಣೆಯಲ್ಲಿ ಗರಿಗರಿಯಾಗಿ ಬೇಯಿಸುವ ಅಲ್ಲಿನ ಬಿಂದೆತ್ತೋಕ್ ನಮ್ಮ ಪೆಸರಟ್ಟಿನ ದಾಯಾದಿಯಂತಿದ್ದರೂ ಅದರಲ್ಲಿ ಹಂದಿಮಾಂಸ ಬೆರೆತಿರಬಹುದಾದ್ದರಿಂದ ಸಸ್ಯಾಹಾರಿಗಳು ಕೇಳಿಯೇ ಕೊಳ್ಳಬೇಕು.

ಸೊಚೋನ್‌ನಲ್ಲಿ ದುಭಾಷಿಗಳು, ವೈದ್ಯರಂಥ ಮಧ್ಯಮ ವರ್ಗದವರು ವಾಸಿಸುತ್ತಿದ್ದರು. ಇಲ್ಲಿನ ಓಣಿಗಳು ಡೊಂಕು, ಮನೆಗಳು ಚಿಕ್ಕವು. 1941ರ ಹಿನ್ನೆಲೆಯುಳ್ಳ ತೊಂಗಿನ್ ಮಾರುಕಟ್ಟೆಯನ್ನು ದಾಟಿ ಮೇಲೇರಿದರೆ, 1971ರ ಅಪಾರ್ಟ್‌ಮೆಂಟುಗಳನ್ನು ಕೆಡವಿ 2012ರಲ್ಲಿ ಮರಳಿ ರೂಪಿಸಿದ ಸುಸೊಂಗ್‌ದೊಂಗ್ ಕಣಿವೆಯೂ, ಚಿತ್ರಕಾರ ಚೊಂಗ್ ಸೊನ್ 18ನೇ ಶತಮಾನದಲ್ಲಿ ಚಿತ್ರಿಸಿದ ಕಲ್ಲುಸೇತುವೆಯೂ ಎದುರಾಗುತ್ತವೆ.

ಮೊದಲ ಸಲ ಹೋಗುವವರು, ಬೆಳಿಗ್ಗೆ 10ಕ್ಕೇ ತಲುಪಬಲ್ಲವರಾದರೆ, ಬುಕ್‌ಚೋನ್ ನೋಡಲಿ. ತಡವಾಗಿ ಹೊರಡುವವರಿಗೆ ನನ್ನ ಆಯ್ಕೆ ಸೊಚೋನ್.